ಸಸಿಮಡಿಯ ಕಾವಲಿಗೆ ಕೂತವಳು

“ಮಮ್ಮಿ, ಸಸಿ ಆಯಿ ದಿನಾ ಸಂಜಿಕ ‘ಅಕ್ಕಾ ಬಾ, ಅಕ್ಕಾ ಬಾ’ ಅಂತ ಯಾರನ್ನ ಕರೀತಾಳ? ಯಾರೂ ಬರಂಗೇ ಇಲ್ಲಲ್ಲ?”

ಮಾಯಾ ಹಿತ್ತಲ ಮೆಟ್ಟಿಲ ಮೇಲೆ ಕೂತು ಚುರುಮುರಿ ತಿನ್ನುತ್ತಿದ್ದಳು. ಪ್ರಶ್ನೆ ತಾಯಿಗಿತ್ತು, ಕಣ್ಣು ಮಾತ್ರ ಕಾಂಪೌಂಡಿನ ಆಚೆಗಿತ್ತು. ಹಗ್ಗದ ಮೇಲಿನ ಒಣಬಟ್ಟೆ ತೆಗೆಯುತ್ತಿದ್ದ ಸುಜಾತಾ ಕೈ ನಿಲ್ಲಿಸಿ ಅತ್ತ ನೋಡಿದಳು. ನವನಗರದ ಆ ಕೊನೆಯ ಸಾಲಿನ ಮನೆಗಳ ಹಿಂದೆ ಯಾರೋ ಕಟ್ಟದೆ ಬಿಟ್ಟ ಸೈಟು, ಅದರಾಚೆ ನಾಲಾ. ಸೈಟಿನ ನಡುವೆ ಸಾವಂತ್ರೆವ್ವ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಸಸಿಮಡಿಯ ತಲೆದೆಸೆಗೆ ಬೋರಲು ಹಾಕಿದ್ದ ಕರಿ ಗಡಿಗೆಯ ಮುಂದೆ ನಿಂತಿದ್ದಳು. ಗಡಿಗೆಗೆ ಸುಣ್ಣದಲ್ಲಿ ಎರಡು ಕಣ್ಣು ಬರೆದಿತ್ತು. ಬಾಯಿ ಬರೆದಿರಲಿಲ್ಲ.

“ಅಕ್ಕಾ, ಬಾ. ಬಾಳಕ್ಕಾ, ಬಂದು ಕೂಡ್ರು,” ಎಂದು ಮುದುಕಿ ಕರೆದಳು. ಆ ದನಿಯಲ್ಲಿ ಭಕ್ತಿ ಇರಲಿಲ್ಲ, ಅಂಜಿಕೆಯೂ ಇರಲಿಲ್ಲ. ಒಳಗಿದ್ದವರನ್ನು ಊಟಕ್ಕೆ ಕರೆದ ಹಾಗಿತ್ತು. ಕರೆದವಳೇ ಒಂದು ಹೆಜ್ಜೆ ಪಕ್ಕಕ್ಕೆ ಸರಿದು ಯಾರಿಗೋ ದಾರಿ ಬಿಟ್ಟಳು. ಆಮೇಲೆ ನೀರಿನ ಡಬ್ಬಿ ಎತ್ತಿಕೊಂಡು ಹಿಂತಿರುಗಿ ನೋಡದೆ ನಡೆದಳು.

“ಗಡಿಗಿನ್ನ ಮಾತಾಡಸತಾರ, ಬಿಡು. ಹುಳಾ ಬರಬಾರದಂತ ಹಂಗ ಮಾಡ್ತಾರ.”

“ಗಡಿಗಿಗೆ ಯಾಕ ದಾರಿ ಬಿಡಬೇಕು?”

“ಲಗೂ ತಿನ್ನು, ಕೈ ತೊಳ್ಕೊ,” ಎಂದು ಸುಜಾತಾ ಬಟ್ಟೆ ಮಡಚತೊಡಗಿದಳು.

ಸಾವಂತ್ರೆವ್ವ ಅಂದರೆ ಆ ಓಣಿಗೆಲ್ಲ ಸಸಿ ಆಯಿ, ಸಸಿ ಮಾರುವ ಅಜ್ಜಿ. ಹುಟ್ಟಿದ್ದು ರಾಯಾಪುರದಲ್ಲಿ. ಗೋವಿಂದಪ್ಪನನ್ನು ಮದುವೆಯಾಗಿ ಹೋದದ್ದೂ ಅದೇ ರಾಯಾಪುರದ ಇನ್ನೊಂದು ಓಣಿಗೆ. ಈಗ ಧಾರವಾಡದ ಚಿಗರಿ ಬಸ್ಸು ಭರ್ರನೆ ಓಡುವ ಕಡೆ ಆಗ ಹೊಲಗಳಿದ್ದವು, ಬೇರೆ ಮಂದಿಯ ಆ ಹೊಲಗಳಲ್ಲಿ ಅವಳ ಅವ್ವ ಕೂಲಿಗೆ ಕಳೆ ತೆಗೆಯುತ್ತಿದ್ದಳು. ಗೋವಿಂದಪ್ಪ ಸರಕಾರಿ ಸಾಲೆಯ ಜವಾನನಾಗಿ ನಿವೃತ್ತಿಯಾಗಿದ್ದ. ಸಾವಂತ್ರೆವ್ವ ಮೊದಲಿಗೆ ಒಂದು ನರ್ಸರಿಯಲ್ಲಿ ಪಾಕೀಟಿಗೆ ಮಣ್ಣು ತುಂಬುತ್ತಿದ್ದಳು. ಬೆನ್ನು ಬಾಗಿ, ಆ ಕೂಲಿ ಬಿಟ್ಟ ಮೇಲೆ ಈ ಸೈಟಿನ ಮಾಲೀಕರನ್ನು ಕೇಳಿ ತನ್ನದೇ ಸಸಿಮಡಿ ಮಾಡಿಕೊಂಡಳು. ಬದನೆ, ಮೆಣಸಿನಕಾಯಿ, ಟೊಮ್ಯಾಟೊ, ಹೀರೆ, ಏನು ಬೇಕಾದರೂ ಅವಳ ಹತ್ತಿರ ಎರಡೆಲೆ ಬಿಟ್ಟು ನಿಂತಿರುತ್ತಿತ್ತು. ಕೊಳ್ಳಲು ಬಂದವರನ್ನು ಮಾತ್ರ ಅವಳು ಸುಲಭಕ್ಕೆ ಬಿಡುತ್ತಿರಲಿಲ್ಲ. “ಒಯ್ದು ಟೆರೇಸ್ ಮ್ಯಾಲ ಮರತಬಿಡಾವ್ರಿದ್ರ ಇಲ್ಲೇ ಬಿಟ್ಟು ಹೋಗ್ರಿ. ಪ್ಲಾಸ್ಟಿಕ್ ಹೂವು ಬಜಾರದಾಗ ಸಿಗತಾವ,” ಅನ್ನುತ್ತಿದ್ದಳು.

ಹೋದ ಮಳೆಗಾಲದಲ್ಲಿ ಆ ಮನೆಗೆ ಬಾಡಿಗೆಗೆ ಬಂದ ಸುಜಾತಾ, ಹಿತ್ತಲಲ್ಲಿ ನಾಲ್ಕು ಕೊತ್ತಂಬರಿ ಹಾಕಿಕೊಳ್ಳುವ ಆಸೆಯಿಂದ ಅವಳ ಗೆಳೆತನ ಮಾಡಿಕೊಂಡಿದ್ದಳು. ಬೀಜ ಬಿತ್ತುವುದೊಂದೇ ಕೆಲಸ, ಉಳಿದದ್ದು ಅದರಷ್ಟಕ್ಕೆ ಆಗುತ್ತದೆ ಎಂದುಕೊಂಡಿದ್ದವಳಿಗೆ ಎರಡೆಲೆಯ ಸಸಿಗೆ ಎಷ್ಟು ಜನ ಹಗೆಗಳಿದ್ದಾರೆ ಎಂಬುದು ಆಗಲೇ ತಿಳಿದದ್ದು. ಮಣ್ಣಿನೊಳಗಿದ್ದು ಕಾಂಡವನ್ನು ಬುಡಕ್ಕೇ ಕಡಿದು ಮಲಗಿಸುವ ಹುಳ ಒಂದು. ಅದಕ್ಕೆ ಸಾವಂತ್ರೆವ್ವ ಚಹಾದ ಕಾಗದದ ಕಪ್ಪಿನ ತಳ ತೆಗೆದು ಪ್ರತಿ ಸಸಿಗೂ ಕೊರಳಪಟ್ಟಿ ತೊಡಿಸುತ್ತಿದ್ದಳು. ಬಸವನಹುಳುಗಳಿಗೆ ಹಸಿ ಗೋಣಿಚೀಲ ಹಾಸಿ, ಬೆಳಿಗ್ಗೆ ಎತ್ತಿ, ಅಡಿಯಲ್ಲಿ ಗುಂಪಾಗಿ ಅಂಟಿಕೊಂಡಿದ್ದನ್ನು ಆರಿಸಿ ನಾಲಾದಾಚೆ ಒಯ್ದು ಹಾಕುತ್ತಿದ್ದಳು. ಸೌತೆ, ಹೀರೆಯ ಎಳೆಯೆಲೆ ಕಂಡರೆ ಎಲ್ಲಿಂದಲೋ ಹಾರಿಬರುವ ಕೆಂಪು ಹುಳಕ್ಕೆ, ಇಬ್ಬನಿ ಇನ್ನೂ ಎಲೆಯ ಮೇಲಿರುವಾಗಲೇ ಒಲೆಯ ಬೂದಿ.

“ಇಷ್ಟೆಲ್ಲಾ ಮಾಡಿದ ಮ್ಯಾಲ ಗಡಿಗಿ ಯಾಕ್ರಿ ಆಯಿ?” ಎಂದು ಸುಜಾತಾ ಒಮ್ಮೆ ಕೇಳಿದ್ದಳು.

“ಬೂದಿ ಹುಳಕ್ಕ. ಗಡಿಗಿ ನಮ್ಮಕ್ಕಗ. ಕೂಡ್ರಾಕ ಗುರುತು ಬೇಕಲ್ಲವಾ ಆಕಿಗೆ,” ಎಂದಿದ್ದಳು ಸಾವಂತ್ರೆವ್ವ. “ಬಾಳವ್ವ ಅಂತ, ನಾ ಆಕಿ ಬೆನ್ನಿಗೆ ಹುಟ್ಟಿದಾಕಿ. ಸಣ್ಣಾಕಿದ್ದಾಗ ಹೋದ್ಳು. ಈಗ ನನ್ನ ಮೊಮ್ಮಗಳಕಿಂತ ಸಣ್ಣಾಕಿ. ಆದ್ರೂ ಅಕ್ಕ ಅಕ್ಕನ ನೋಡು.” ಹೇಳಿ ನಕ್ಕಿದ್ದಳು. ಸುಜಾತಾಳಿಗೆ ಆ ನಗೆಗೆ ನಗೆ ಸೇರಿಸಲು ಆಗಿರಲಿಲ್ಲ.

ಆ ವರ್ಷ ಶಿವರಾತ್ರಿ ಮುಗಿದ ಮೇಲೆ ಸಾವಂತ್ರೆವ್ವನ ಜೀವ ಒಂದು ಸಗಣಿಯ ಬಿಲ್ಲೆಯ ಮೇಲೆ ನಿಂತಿತು.

ಅವಳ ಅವ್ವನ ಕಾಲದ ಮುಳ್ಳುಸೌತೆ ಅದು. ಗಿಡ್ಡನೆಯದು, ಮೈತುಂಬ ಮೆತ್ತನೆಯ ಮುಳ್ಳು, ಮುರಿದರೆ ಮನೆಯೆಲ್ಲ ವಾಸನೆ. ಬಜಾರದಲ್ಲಿ ಆ ಬೀಜ ಸಿಗುವುದಿಲ್ಲ. ರಾಯಾಪುರದಲ್ಲೂ ಬೇರೆ ಯಾರೂ ಇಟ್ಟುಕೊಂಡಿರಲಿಲ್ಲ. ಹೋದ ವರ್ಷ ಬೀಜಕ್ಕೆಂದು ಬಿಟ್ಟು ನೆಲುವಿನಲ್ಲಿ ತೂಗುಹಾಕಿದ್ದ ಕಾಯಿಗಳನ್ನು ಇಲಿಗಳು ಒಂದೂ ಬಿಡದೆ ಕೊರೆದಿದ್ದವು. ಉಳಿದದ್ದು ಅಡಿಗೆಮನೆಯ ಗೋಡೆಗೆ ಸಗಣಿಯಲ್ಲಿ ಮೆತ್ತಿ ಒಣಗಿಸಿದ್ದ ಒಂದು ಹಿಡಿ ಬೀಜ, ಅಷ್ಟೇ. ಅದನ್ನು ನೆನೆಸಿ ಬಿಡಿಸಿದರೆ ಅರ್ಧಕ್ಕರ್ಧ ಜೊಳ್ಳು. ಗಟ್ಟಿ ಇದ್ದವನ್ನು ಹಸಿಬಟ್ಟೆಯಲ್ಲಿ ಕಟ್ಟಿ, ಮೈಯ ಕಾವು ತಾಗಲೆಂದು ಸೀರೆಯ ನಿರಿಗೆಯ ಒಳಗೆ ಸೊಂಟಕ್ಕೆ ಸಿಕ್ಕಿಸಿಕೊಂಡು ಸಾವಂತ್ರೆವ್ವ ಎರಡು ದಿನ ಹಾಗೇ ತಿರುಗಾಡಿದಳು.

“ಬಸರಿ ಹಂಗ ಮಾಡ್ತಾಳ ನೋಡ್ರಿ ಈ ವಯಸ್ಸಿನ್ಯಾಗ,” ಎಂದು ಗೋವಿಂದಪ್ಪ ಕಟ್ಟೆಯ ಮೇಲೆ ಕೂತು ಚಾಷ್ಟಿ ಮಾಡಿದ.

“ನಿಮ್ಮಿಂದ ಆಗಿದ್ದಲ್ಲ, ಸುಮ್ನ ಕೂಡ್ರಿ,” ಎಂದಳು ಅವಳು.

ಮೊಳಕೆ ಬಂತು. ಹಾಲಿನ ಪಾಕೀಟಿನಲ್ಲಿ ಎರಡೆಲೆಯಾಯಿತು. ಎಲ್ಲ ಸೇರಿ ಒಂದು ಮಡಿ ತುಂಬುವಷ್ಟು ಸಸಿ. ಅವನ್ನು ಮಡಿಗೆ ಇಳಿಸಿದ ವಾರವೇ ಅವಳ ಮಗ ಹುಲಗೇಶ ಬಂದು ನಿಂತ. ಧಾರವಾಡದ ಆಚೆಯ ಬೇಲೂರು ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಅವನ ಕೆಲಸ, ಮನೆ ಧಾರವಾಡದಲ್ಲೇ. ಅವ್ವನ ಎರಡೂ ಕಣ್ಣಿಗೆ ಪೊರೆ ಬಂದು ಆಪರೇಶನ್ನಿಗೆ ತಾರೀಕು ಸಿಕ್ಕಿತ್ತು. ಒಂದು ಕಣ್ಣು ಮಾಡಿ, ಅದು ಮಾಯ್ದ ಮೇಲೆ ಇನ್ನೊಂದು. ಅಲ್ಲಿಯತನಕ ಮಣ್ಣು, ಧೂಳು, ಒಲೆ ಮುಟ್ಟುವಂತಿಲ್ಲ.

“ಇದೊಂದು ಕಾಯಿ ಬೀಜಕ್ಕ ಬಲೀಲಿ, ಆಮ್ಯಾಲ ಬರ್ತೀನೋ,” ಎಂದು ಸಾವಂತ್ರೆವ್ವ ಹಟ ಹಿಡಿದಳು.

“ಅಷ್ಟರಾಗ ನಿನಗ ಕಾಯಿನೂ ಕಾಣಂಗಿಲ್ಲ, ಬಳ್ಳಿನೂ ಕಾಣಂಗಿಲ್ಲ,” ಎಂದ ಹುಲಗೇಶ.

ಕಾಂಪೌಂಡಿನ ಈಚೆಯಿಂದ ಕೇಳುತ್ತಿದ್ದ ಸುಜಾತಾಳಿಗೆ ತಡೆಯಲಾಗಲಿಲ್ಲ. “ನಾ ಕಾಯ್ತೀನ್ರಿ ಆಯಿ. ನೀರು, ಬೂದಿ, ಗೋಣಿಚೀಲ, ಎಲ್ಲಾ ನೋಡೀನಲ್ಲ. ಬ್ಯಾರೆ ಏನರ ಇದ್ರ ಹೇಳ್ರಿ.”

ಸಾವಂತ್ರೆವ್ವ ಕಾಂಪೌಂಡಿನ ಹತ್ತಿರ ಬಂದಳು. “ಸಂಜಿಕ ಕರೀಬೇಕಾಗತೈತವಾ.”

“ಕರೀತೀನಿ.”

“ನಗಬಾರದು.”

“ನಗಂಗಿಲ್ಲ.”

“ನೀ ಅಕ್ಕಾ ಅನಬ್ಯಾಡ. ಆಕಿಗಿಂತ ದೊಡ್ಡಾಕಿ ನೀ. ‘ಬಾಳವ್ವಾ ಬಾ, ಕೂಡ್ರು’ ಅಂದ್ರ ಸಾಕು. ಹೇಳಿದ ಮಾತು ಕೇಳೂ ಹುಡುಗಿ ಆಕಿ.” ಅಷ್ಟು ಹೇಳಿ, ರಿಕ್ಷಾ ಹತ್ತುವ ಮೊದಲು ಇನ್ನೊಮ್ಮೆ ಮಡಿಯ ಹತ್ತಿರ ಹೋಗಿ ಒಂದೊಂದೇ ಸಸಿಯನ್ನು ಬೆರಳ ತುದಿಯಿಂದ ಮುಟ್ಟಿ ಬಂದಳು. ಕಣ್ಣು ಅಷ್ಟು ಮಂಜಾಗಿತ್ತು.

ಮೊದಲ ಸಂಜೆ ಸುಜಾತಾಳಿಗೆ ನಾಚಿಕೆಯೇ ಆಯಿತು. ಹಿಂದೆ ಮುಂದೆ ಯಾರೂ ಇಲ್ಲವೆಂದು ನೋಡಿಕೊಂಡು, ಪಿಸುಮಾತಿನಲ್ಲಿ “ಬಾಳವ್ವಾ, ಬಾ. ಕೂಡ್ರು,” ಎಂದಳು. ಸುಣ್ಣದ ಕಣ್ಣುಗಳು ಸುಮ್ಮನೆ ನೋಡಿದವು. ಹೊರಡಬೇಕೆಂದು ತಿರುಗಿದವಳಿಗೆ ತಾನು ದಾರಿಯಲ್ಲೇ ನಿಂತಿದ್ದೇನೆ ಅನ್ನಿಸಿತು. ಪಕ್ಕಕ್ಕೆ ಸರಿದಳು. ಯಾಕೆ ಸರಿದೆ ಎಂದು ಆಮೇಲೆ ಅಡಿಗೆ ಮಾಡುವಾಗ ಯೋಚಿಸಿ ತನ್ನಷ್ಟಕ್ಕೆ ತಾನೇ ನಕ್ಕಳು.

ಅವಳ ಗಂಡ ಪ್ರತಾಪ ಸಾಲೆಯ ಮಾಸ್ತರ. ಮಾಯಾಳಿಂದ ಸುದ್ದಿ ತಿಳಿದು, “ಆ ಬಾಳವ್ವನ್ನ ನಮ್ಮ ಸಾಲಿಗೂ ಕಳಸು. ನಮ್ಮ ಹುಡುಗರನ್ನ ಒಂದ ತಾಸು ಕೂಡ್ಸಿದ್ರ ಸಾಕು,” ಎಂದ.

ಬೆಳಿಗ್ಗೆ ಹೋಗಿ ಗೋಣಿಚೀಲ ಎತ್ತಿದರೆ ಅಡಿಯಲ್ಲಿ ಒಂದು ಬಸವನಹುಳುವೂ ಇರಲಿಲ್ಲ. ಎಲೆಯ ಮೇಲೆ ಕೆಂಪು ಹುಳ ಇರಲಿಲ್ಲ. ಬೂದಿ ಹಾಕುವ ಅಗತ್ಯವೇ ಬೀಳಲಿಲ್ಲ. ಸುಜಾತಾಳಿಗೆ ಹಿಗ್ಗು. ಸಂಜೆ ಮತ್ತೆ ಕರೆದಳು, ಈ ಸಲ ಸ್ವಲ್ಪ ಗಟ್ಟಿಯಾಗಿ. ಮರುದಿನವೂ ಮಡಿ ಹಾಗೇ, ಸೂಜಿಮೊನೆಯಷ್ಟು ತೂತೂ ಇಲ್ಲದ ಎಲೆಗಳು. ಹೀಗೆಯೇ ದಿನ ಕಳೆದವು. ಕಾಂಪೌಂಡಿನ ಈಚೆ ಅವಳ ಸ್ವಂತ ಕೊತ್ತಂಬರಿಯನ್ನು ಬಸವನಹುಳುಗಳು ಬೋಳಿಸುತ್ತಿದ್ದರೆ, ಆಚೆಯ ಮುಳ್ಳುಸೌತೆ ಬಣ್ಣ ಹಚ್ಚಿಟ್ಟ ಚಿತ್ರದಂತೆ ನಿಂತಿತ್ತು.

ಚಿತ್ರದಂತೆ. ಆ ಮಾತು ಮನಸ್ಸಿಗೆ ಬಂದಾಗಲೇ ಅವಳಿಗೆ ಒಂದು ನಮೂನೆ ಆಯಿತು.

ಇರುವೆಗಳ ಸಾಲೊಂದು ನಾಲಾದ ಕಡೆಯಿಂದ ಬರುತ್ತಿತ್ತು. ಅದು ಮಡಿಯ ಅಂಚಿಗೆ ಬಂದು, ಅಲ್ಲಿಂದ ದುಂಡಗೆ ಸುತ್ತುಹಾಕಿ ಆಚೆ ಹೋಗುತ್ತಿತ್ತು. ಬೀದಿನಾಯಿ ಮೊದಲು ಸೈಟನ್ನು ಅಡ್ಡ ಹಾಯುತ್ತಿತ್ತು, ಈಗ ಕಾಂಪೌಂಡಿಗೆ ಮೈ ಉಜ್ಜಿಕೊಂಡು ಹೋಗುತ್ತಿತ್ತು. ಗುಬ್ಬಿಗಳು ತಂತಿಯ ಮೇಲೆ ಕೂತಿರುತ್ತಿದ್ದವು, ಇಳಿಯುತ್ತಿರಲಿಲ್ಲ. ಸಂಜೆ ನೀರು ಹಾಕುವಾಗ ತನ್ನ ಡಬ್ಬಿಯ ಸಪ್ಪಳ ಬಿಟ್ಟು ಬೇರೇನೂ ಕೇಳುವುದಿಲ್ಲ ಎಂಬುದು ಸುಜಾತಾಳಿಗೆ ಮೆಲ್ಲಗೆ ಗೊತ್ತಾಯಿತು. ಒಂದು ಜೀರುಂಡೆಯೂ ಇಲ್ಲ. ಸೊಳ್ಳೆಯೂ ಇಲ್ಲ.

ಇನ್ನೊಂದು ಸಂಗತಿ ಇತ್ತು. ಅದನ್ನು ಅವಳು ಪ್ರತಾಪನಿಗೆ ಹೇಳಲಿಲ್ಲ. ಗಡಿಗೆಯ ಪಕ್ಕ ನೆಲ ಒಂದಿಷ್ಟು ಜಾಗದಲ್ಲಿ ಒಣಗಿಯೇ ಇರುತ್ತಿತ್ತು. ಎಷ್ಟು ನೀರು ಸುರಿದರೂ ನೀರು ಆ ಜಾಗವನ್ನು ಬಳಸಿಕೊಂಡು ಹರಿಯುತ್ತಿತ್ತು. ಮಾಯಾ ಚಕ್ಕಳಮಕ್ಕಳ ಹಾಕಿ ಕೂತರೆ ಎಷ್ಟಗಲ ಹಿಡಿಯುತ್ತದೋ ಅಷ್ಟಗಲ.

ಹುಲಗೇಶನ ಫೋನಿಗೆ ಮಾಡಿ ಒಮ್ಮೆ ಮಾತಾಡಿದಳು. ಸಾವಂತ್ರೆವ್ವನ ಒಂದು ಕಣ್ಣು ಮುಗಿದಿತ್ತು. “ಬಳ್ಳಿ ಹಂದರ ಹತ್ತೈತ್ರಿ ಆಯಿ. ಒಂದು ಎಲಿಗೂ ತೂತಿಲ್ಲ. ಒಂದು ಹುಳಾನೂ ಇಲ್ಲ.”

“ಒಂದೂ ಇಲ್ಲ?”

“ಇಲ್ರಿ.”

“ಒಂದೆರಡರ ಇರಬೇಕಲ್ಲವಾ,” ಎಂದಳು ಸಾವಂತ್ರೆವ್ವ. ಅಷ್ಟರಲ್ಲಿ ಅವಳ ಕಣ್ಣಿಗೆ ಔಷಧ ಹಾಕುವ ಹೊತ್ತಾಯಿತೆಂದು ಯಾರೋ ಫೋನು ಇಸಿದುಕೊಂಡರು.

ಒಂದು ದಿನ ಮಾಯಾ ಕಾಣಲಿಲ್ಲ. ಸುಜಾತಾ ಹೆದರಿ ಹೊರಬಂದು ನೋಡಿದರೆ, ಹುಡುಗಿ ಸೈಟಿನಲ್ಲಿ ಗಡಿಗೆಯ ಎದುರು ಕುಕ್ಕರುಗಾಲಲ್ಲಿ ಕೂತಿದ್ದಳು. ಮುಂದೆ ಚಪಾತಿಯ ಅರ್ಧ ತುಂಡು, ಅದರ ಮೇಲೆ ಸಕ್ಕರೆ.

“ಇಲ್ಲೇನ ಮಾಡಾಕತ್ತಿ? ಹೇಳದ ಬಂದಿ?”

“ಸಸಿ ಆಯಿ ಅಕ್ಕಗ. ನೀ ಕೂಡ್ರು ಅಂತಿ, ಊಟಾ ಕೊಡಂಗಿಲ್ಲ. ಹಸಿವಿ ಆಗಂಗಿಲ್ಲೇನು ಆಕಿಗೆ?”

ಸುಜಾತಾ ಮಗಳನ್ನು ಎತ್ತಿಕೊಂಡು ಬಂದಳು. ಬೈಯಬೇಕೆಂದಿದ್ದಳು, ಬೈಯಲಾಗಲಿಲ್ಲ. ಚಪಾತಿ ಅಲ್ಲೇ ಉಳಿಯಿತು. ಮರುದಿನ ನೋಡಿದಳು, ಅದರ ಮರುದಿನವೂ ನೋಡಿದಳು. ಚಪಾತಿ ಒಣಗಿ ಹಪ್ಪಳವಾಗಿತ್ತು. ಸಕ್ಕರೆಯ ಹರಳುಗಳು ಇಟ್ಟ ಹಾಗೇ ಹೊಳೆಯುತ್ತಿದ್ದವು. ಅಂಥ ಉರಿಬಿಸಿಲಿನ ದಿನಗಳಲ್ಲಿ, ಇರುವೆಯ ಸಾಲು ಕೈಯಳತೆಯಲ್ಲೇ ಇರುವಾಗ, ಒಂದೇ ಒಂದು ಇರುವೆ ಆ ಸಕ್ಕರೆಗೆ ಬಾಯಿ ಹಾಕಿರಲಿಲ್ಲ.

ಅಂದು ಸಂಜೆ ಅವಳು ಕರೆಯಲಿಲ್ಲ. ಹುಳ ಬಂದರೆ ಬರಲಿ, ಬೂದಿ ಇದೆ, ಕೈ ಇದೆ ಅಂದುಕೊಂಡಳು. ಬೆಳಿಗ್ಗೆ ಹೋಗಿ ಗೋಣಿಚೀಲ ಎತ್ತಿದಳು. ಅಡಿಯಲ್ಲಿ ಏನೂ ಇರಲಿಲ್ಲ. ಮುಂದಿನ ದಿನಗಳಲ್ಲೂ ಕರೆಯಲಿಲ್ಲ. ಕರೆದರೂ ಅಷ್ಟೇ, ಕರೆಯದಿದ್ದರೂ ಅಷ್ಟೇ ಆಗಿತ್ತು.

ಆಮೇಲೆ ಹೂ ಬಿಟ್ಟವು. ಮೊದಲು ಬರೀ ಗಂಡುಹೂ. ಹಿಂದೆಯೇ ಬುಡದಲ್ಲಿ ಕಿರುಬೆರಳ ತುದಿಯಷ್ಟು ಮುಳ್ಳುಗಾಯಿ ಹೊತ್ತ ಹೆಣ್ಣುಹೂ. ಬೆಳಗಿನ ಬಿಸಿಲಲ್ಲಿ ಹಂದರವೆಲ್ಲ ಹಳದಿ. ಸುಜಾತಾ ಮೊಬೈಲಿನಲ್ಲಿ ಫೋಟೊ ಹಿಡಿದುಕೊಂಡಳು. ಸಂಜೆಗೆ ಹೂ ಮುದುಡಿದವು. ಎರಡು ದಿನಕ್ಕೆ ಆ ಎಳೆಗಾಯಿಗಳು ಹಳದಿಯಾಗಿ, ಬಾಡಿ, ಒಂದೊಂದೇ ಉದುರಿದವು.

ನಾಲಾದಾಚೆಯ ಮನೆಯ ಅಮೀನಾಬಿ ಬೇಲಿಗೆ ಬಂದು ನಿಂತಳು. “ಸುಜಾತಾ ಬೇಟಿ, ಏನ ಔಷಧ ಹೊಡದೀ ಇದಕ್ಕ?”

“ಏನೂ ಹೊಡದಿಲ್ರಿ ಖಾಲಾ.”

“ಸುಳ್ಳ ಹೇಳಬ್ಯಾಡ. ನಮ್ಮ ಕುಂಬಳ ಬಳ್ಳ್ಯಾಗ ಜೇನಹುಳ ಗುಯ್ ಅಂತಾವ. ನಿಮ್ಮ ಬೇಲಿತನಾ ಬರ್ತಾವ, ಗಕ್ಕನ ತಿರಗ್ತಾವ. ನಾ ಮುಂಜಾನಿಂದ ನಿಂತು ನೋಡೀನಿ. ನಮ್ಮ ಬೆಕ್ಕೂ ಈ ಕಡೆ ಹಾಯಂಗಿಲ್ಲ ಈಗ.” ಗಡಿಗೆಯ ಕಡೆ ನೋಡಿ ದನಿ ತಗ್ಗಿಸಿದಳು. “ಹುಳಾ ತಿಂದ್ರ ಒಂದು ಎಲಿ ಹೋಗತೈತಿ. ಹುಳಾನ ಬರಲಿಲ್ಲಂದ್ರ ಕಾಯಿ ಎಲ್ಲಿಂದ ಬರಬೇಕು?”

ಸುಜಾತಾ ಕೈ ಕಟ್ಟಿ ಕೂರುವವಳಲ್ಲ. ಮರುದಿನ ಸೂರ್ಯ ಏಳುವ ಹೊತ್ತಿಗೇ ಹೋಗಿ ಗಂಡುಹೂ ಕಿತ್ತು, ಎಸಳು ಬಿಡಿಸಿ, ಹೆಣ್ಣುಹೂವಿನ ನಡುವೆ ಮೆಲ್ಲಗೆ ಒರೆಸಿದಳು. ಜೇನು ಮಾಡುವ ಕೆಲಸವನ್ನು ಕೈಯಿಂದ ಮಾಡಬಹುದೆಂದು ಅವಳಿಗೆ ಗೊತ್ತಿತ್ತು. ಹೀರೆಬಳ್ಳಿಗೆ ಮಾಡಿ ಕಾಯಿ ಪಡೆದಿದ್ದಳು ಕೂಡ. ಆದರೆ ಇಲ್ಲಿ ಹೂವಿನ ಹುಡಿ ಅಂಟಲಿಲ್ಲ. ಆರಿದ ಬೂದಿಯಂತೆ ಉದುರಿ ಹೋಯಿತು. ಹೂವೆಲ್ಲ ತಣ್ಣಗಿತ್ತು, ಬಾವಿಯ ಕಲ್ಲು ಮುಟ್ಟಿದಷ್ಟು ತಣ್ಣಗೆ.

ಕೈ ಹಿಂದೆ ತೆಗೆಯುವಾಗ ಅವಳ ಕಣ್ಣು ಬಳ್ಳಿಯ ಕುಡಿಗಳ ಮೇಲೆ ಬಿತ್ತು. ಹಂದರದ ಕಡೆಗಿರಬೇಕಾದ ಕುಡಿಬಳ್ಳಿಗಳು ಕೆಳಗೆ, ಗಡಿಗೆಯ ಪಕ್ಕದ ಆ ಒಣಜಾಗದ ಕಡೆಗೆ ಚಾಚಿದ್ದವು. ಅಲ್ಲಿ ಹಿಡಿದುಕೊಳ್ಳಲು ಕೋಲಿಲ್ಲ, ದಾರವಿಲ್ಲ. ಆದರೂ ಕುಡಿಗಳು ಗಾಳಿಯಲ್ಲೇ ಸುರುಳಿ ಸುತ್ತಿ ನಿಂತಿದ್ದವು, ಬಿಗಿಯಾಗಿ, ದುಂಡಗೆ. ನಡುವೆ ಉಳಿದ ಖಾಲಿ ಅಗಲ ಸಣ್ಣ ಹುಡುಗಿಯ ಮುಂಗೈಯಷ್ಟಿತ್ತು.

ಸುಜಾತಾ ಅಲ್ಲಿಂದಲೇ ಫೋನು ಮಾಡಿದಳು. ಉದುರಿದ ಕಾಯಿಯ ಸುದ್ದಿ ಹೇಳಿದಳು, ಜೇನಿನ ಸುದ್ದಿ ಹೇಳಿದಳು, ತಾನು ಕರೆಯುವುದನ್ನು ಬಿಟ್ಟದ್ದನ್ನೂ ಹೇಳಿದಳು. ಸಾವಂತ್ರೆವ್ವ ಎಲ್ಲ ಕೇಳಿಸಿಕೊಂಡು, “ನಾ ಬರ್ತೀನಿ,” ಎಂದಷ್ಟೇ ಹೇಳಿದಳು.

ಮರುದಿನ ಹೊತ್ತು ಇಳಿಯುವ ಮುಂಚೆ ರಿಕ್ಷಾ ಬಂತು. ಇಳಿದ ಸಾವಂತ್ರೆವ್ವನ ಎರಡನೇ ಕಣ್ಣೂ ಮುಗಿದಿತ್ತು; ಕಪ್ಪು ಕನ್ನಡಕ, ತಲೆಯ ಮೇಲೆ ಸೆರಗು. ಹಿಂದೆ ಗೋವಿಂದಪ್ಪ ಔಷಧದ ಚೀಲ ಹಿಡಿದು ಗೊಣಗುತ್ತ ಇಳಿದ. “ಡಾಕ್ಟರು ಇನ್ನೂ ಒಂದ ವಾರ ಅಂದಾರ. ಈಕಿಗೆ ಸೌತಿಕಾಯಿ ಮುಂದ ಕಣ್ಣು ಯಾವ ಲೆಕ್ಕ?”

ಸಾವಂತ್ರೆವ್ವ ಮಡಿಯ ಹತ್ತಿರ ಬಂದು ನಿಂತಳು. ಕನ್ನಡಕ ತೆಗೆದಳು. ಎಷ್ಟೋ ವರ್ಷದ ಮೇಲೆ ನಿಚ್ಚಳ ಕಾಣುವ ಕಣ್ಣುಗಳಿಂದ ಆ ನುಣುಪಾದ ಎಲೆಗಳನ್ನು, ಉದುರಿ ಬಿದ್ದ ಎಳೆಗಾಯಿಗಳನ್ನು, ಗಾಳಿಯನ್ನು ಹಿಡಿದ ಕುಡಿಗಳನ್ನು ನೋಡಿದಳು. ಕೊನೆಗೆ ಒಣನೆಲ ನೋಡಿ, ಅದರ ಮುಂದೆ ಕುಕ್ಕರುಗಾಲಲ್ಲಿ ಕೂತಳು.

“ಮುಂಜಾನಿ ಎಬ್ಬಿಸಿದೇನವಾ ಆಕಿನ್ನ?”

“ಯಾರನ್ನ್ರಿ?”

“ನಮ್ಮಕ್ಕನ್ನ. ಸಂಜಿಕ ಕೂಡ್ಸಿದ್ಮ್ಯಾಲ ಮುಂಜಾನಿ ಎಬ್ಬಿಸಬೇಕಲ್ಲ. ‘ಸಾಕು, ಏಳು, ಹೋಗಿ ಬಾ’ ಅನಬೇಕಲ್ಲ.”

“ನೀವು ಅದನ್ನ ಹೇಳಲಿಲ್ಲಲ್ರಿ ಆಯಿ.”

ಸಾವಂತ್ರೆವ್ವ ಹಣೆ ಮುಟ್ಟಿಕೊಂಡಳು. “ಹೇಳಲಿಲ್ಲ. ಖರೇ. ಕೂಸಿನ್ನ ಮುಂಜಾನಿ ಎಬ್ಬಿಸು ಅಂತ ತಾಯಿಗೆ ಯಾರು ಹೇಳ್ತಾರ ಅಂತ, ನನಗ ಹೊಳೀಲಿಲ್ಲ. ಬಾಯಿಗೆ ಬರದಷ್ಟು ರೂಢಿ ಆಗೇತಿ.”

ಗೋವಿಂದಪ್ಪನ ಗೊಣಗಾಟ ನಿಂತಿತ್ತು. ಅವನು ಔಷಧದ ಚೀಲವನ್ನು ಎದೆಗೆ ಹಿಡಿದುಕೊಂಡು ದೂರವೇ ನಿಂತ. ಸಾವಂತ್ರೆವ್ವ ಒಣನೆಲದ ಮೇಲಿನ ನೋಟ ತೆಗೆಯದೆ ಹೇಳತೊಡಗಿದಳು.

ಆಗ ಅವಳು ಇನ್ನೂ ಅವ್ವನ ಬಗಲಿನ ಕೂಸು. ಅಕ್ಕ ಬಾಳವ್ವ ಮಾಯಾಳಿಗಿಂತ ತುಸು ದೊಡ್ಡವಳು. ಅವ್ವ ಮಂದಿಯ ಹೊಲಕ್ಕೆ ಹೋಗುವಾಗ ಬಾಳವ್ವನನ್ನು ಮುಳ್ಳುಸೌತೆಯ ಮಡಿಗೆ ಕೂರಿಸಿ ಹೋಗುತ್ತಿದ್ದಳು. ಗುಬ್ಬಿ ಹಾರಿಸಬೇಕು, ಕೆಂಪು ಹುಳ ಬಂದರೆ ಕೈಯಿಂದ ಹಿಡಿದು ಬೂದಿಯ ಗಡಿಗೆಗೆ ಹಾಕಬೇಕು. “ನಾ ಬಂದು ಏಳು ಅನ್ನೂತನಾ ಏಳಬ್ಯಾಡ” ಎಂದು ಅವ್ವ ಹೇಳಿದ್ದಳು. ಅಂದು ಹೊಲದೊಡೆಯರ ಕೆಲಸ ಮುಗಿಯಲಿಲ್ಲ. ಅವ್ವ ಬಂದು ನೋಡುವಾಗ ಹೊತ್ತು ಮುಳುಗಿತ್ತು. ಬಾಳವ್ವ ಗಡಿಗೆಯ ಪಕ್ಕ ಕೂತೇ ಇದ್ದಳು, ಗೋಡೆಗೆ ಒರಗಿದ ಹಾಗೆ ಬೇಲಿಗೆ ಒರಗಿಕೊಂಡು. ಕಾಲಿಗೆ ಹಾವು ಕಡಿದಿತ್ತು. ಓಣಿ ಕೂಗಳತೆಯಲ್ಲೇ ಇತ್ತು, ಓಡಿ ಬರಬಹುದಿತ್ತು. ಏಳು ಅಂದವರು ಯಾರೂ ಇರಲಿಲ್ಲವಾದ್ದರಿಂದ ಅವಳು ಎದ್ದಿರಲಿಲ್ಲ.

“ಮುಂದಿನ ವರ್ಷ ಅವ್ವ ಅದ ಬೀಜ ಹಾಕಿದ್ಳು. ಮಡಿಗೆ ಒಂದ ಹುಳಾ ಬರಲಿಲ್ಲ. ಕಾಯಿನೂ ಹಿಡೀಲಿಲ್ಲ. ಅವ್ವಗ ತಿಳೀತು. ಮುಂಜಾನಿ ಹೋಗಿ ‘ಏಳು ನನ ಕೂಸ, ಹೋಗಿ ಬಾ’ ಅಂತ ಅತ್ಲು. ಜೇನ ಬಂದ್ವು, ಕಾಯಿ ಆದ್ವು. ಆದ್ರ ಹುಳಾನೂ ಬಂದ್ವು. ಅದಕ್ಕ ಸಂಜಿಕ ಮತ್ತ ಕರದ್ಳು. ಎದ್ದ ಹೋಗಾಕಿನ್ನ ತಿರಗಿ ಕರದು ಕೂಡ್ಸಿದ್ಳು. ಅವ್ವ ಹೋದ ಮ್ಯಾಲ ನಾ.”

ಗಾಳಿ ಬೀಸಿತು. ಅಮೀನಾಬಿಯ ಕುಂಬಳದ ಎಲೆಗಳು ಅಲ್ಲಾಡಿದವು. ಈ ಕಡೆ ಒಂದು ಎಲೆಯೂ ಮಿಸುಕಲಿಲ್ಲ.

“ಅಕ್ಕಾ,” ಎಂದು ಸಾವಂತ್ರೆವ್ವ ಕರೆದಳು. “ಬಾಳಕ್ಕಾ, ಸಾಕು. ಏಳು.”

ಮೂವರೂ ಕಾದರು. ಕುಡಿಬಳ್ಳಿಗಳ ಸುರುಳಿ ಸಡಿಲಾಗಲಿಲ್ಲ. ಡಬ್ಬಿಯಲ್ಲಿದ್ದ ನೀರನ್ನು ಸಾವಂತ್ರೆವ್ವ ಒಣನೆಲದ ಮೇಲೆ ಹನಿಸಿದಳು. ಹನಿಗಳು ಜಾರಿ ಬದಿಗೆ ಹರಿದವು.

“ನನ್ನ ಮಾತು ಕೇಳಂಗಿಲ್ಲ,” ಎಂದು ಮುದುಕಿ ಮೆಲ್ಲಗೆ ಹೇಳಿದಳು. “ಕೂಡ್ಸಿದಾಕಿ ನೀ. ಯಾರು ಕೂಡ್ಸಿದ್ರೋ ಅವರ ಎಬ್ಬಿಸಬೇಕು. ಅಂದೂ ಹಂಗ ಕೂತಿದ್ಳು, ಇಂದೂ ಹಂಗ ಕೂತಾಳ.”

ಅವಳು ಹಂದರದ ತುದಿಯತ್ತ ಕೈ ತೋರಿಸಿದಳು. ಉಳಿದ ಬಳ್ಳಿಗಳ ಹೆಣ್ಣುಹೂಗಳೆಲ್ಲ ಉದುರಿ ಮುಗಿದಿದ್ದವು, ಇದ್ದದ್ದು ಬರೀ ಗಂಡುಹೂ. ಒಂದೇ ಒಂದು ಬಳ್ಳಿಯ ತುದಿಯಲ್ಲಿ ಎಳೆಗಾಯಿ ಹೊತ್ತ ಮೊಗ್ಗೊಂದು ಬಿಗಿಯಾಗಿ ಮುಚ್ಚಿಕೊಂಡಿತ್ತು. “ಅದೊಂದ ಉಳದೈತಿ. ನಾಳಿ ಮುಂಜಾನಿ ಅರಳತೈತಿ. ನಾಳಿ ಜೇನ ಬಂದ್ರ ಅವ್ವನ ಬೀಜ ಉಳೀತು. ಬರಲಿಲ್ಲಂದ್ರ ಮುಗೀತು.”

“ಈಗ ಎಬ್ಬಿಸ್ತೀನ್ರಿ ಆಯಿ,” ಎಂದಳು ಸುಜಾತಾ. ಒಣಗಿದ ಚಪಾತಿ ಇನ್ನೂ ಅಲ್ಲೇ ಬಿದ್ದಿತ್ತು, ಅವಳ ಕಣ್ಣು ಅದರ ಮೇಲಿತ್ತು. “ಏನನ್ನಬೇಕು ಹೇಳ್ರಿ. ನೀವು ಅಂದಂಗ ಅಂತೀನಿ. ಸಾಕು, ಏಳು...”

“ತಡಿ.” ಸಾವಂತ್ರೆವ್ವ ಅವಳ ಮುಂಗೈ ಹಿಡಿದಳು. ಮಣ್ಣು ಮುಟ್ಟದೆ ಎಷ್ಟೋ ದಿನವಾಗಿದ್ದ ಆ ಕೈ ಮೆತ್ತಗಾಗಿತ್ತು. “ಹುಳಾ ಬಂದ್ರ ಬರ್ಲಿ. ಈಗ ನನಗ ಛಲೋ ಕಾಣತೈತಿ, ಎಲೀ ಎಲೀ ಹುಡಕಿ ನಾನ ಹಿಡೀತೀನಿ. ಅವ್ವ ದಿನಾ ಎಬ್ಬಿಸಿದ್ಳು, ನಾನೂ ಎಬ್ಬಿಸೀನಿ, ಆದ್ರ ಒಮ್ಮಿನೂ ಕಳಸಲಿಲ್ಲ. ಬಾಗಲದಾಗ ನಿಂತವರಿಗೆ ಬರೇ ‘ಹೋಗು’ ಅನ್ನಾಕ ನಮ್ಮ ಬಾಯಿ ಬರಂಗಿಲ್ಲ. ನನಗಂತೂ ಆಗಂಗಿಲ್ಲ. ಆಕಿ ನನ್ನ ಅಕ್ಕ. ನೀ ಹೊರಗಿನಾಕಿ, ಮ್ಯಾಲ ಒಂದ ಹೆಣ್ಣಕೂಸಿನ ತಾಯಿ. ನನಗೊಂದು ಉಪಕಾರ ಮಾಡವಾ ಸುಜಾತಾ. ಸಾಕು ಅನ್ನು, ಏಳು ಅನ್ನು, ಕೈ ಹಿಡದು ಎಬ್ಬಿಸು. ಆಮ್ಯಾಲ ‘ಹೋಗಿ ಬಾ’ ಅನಬ್ಯಾಡ. ‘ಹೋಗು’ ಅನ್ನು.”